ಜಗಳಕ್ಕೂ ಡಾಕ್ಟರೇ?

"ಮಗುವಿಗೆ ತೋರಿಸುವುದು ಸರಿ ಕಣೋ, ಗಂಡ ಹೆಂಡತಿ ಜಗಳಕ್ಕೂ ಡಾಕ್ಟರೇ?" ಹೋದ ವಾರ ಮೈಸೂರಿನಿಂದ ಸೋದರತ್ತೆ ಕೇಳಿದರು. ಉತ್ತರ ಹೊಳೆಯದೆ, ಸರಿಯಾಗಿ ಕೇಳಿಸುತ್ತಿಲ್ಲ ಎಂದು ಫೋನಿಟ್ಟೆ.

ನಮ್ಮ ಆರು ವರ್ಷದ ಮಗನಿಗೆ ಆಟಿಸಂ. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಅವನ ಥೆರಪಿಯ ವೇಳಾಪಟ್ಟಿಯೇ ನಮ್ಮ ಸಂಸಾರ. ಪಾಳಿ ಬದಲಾಗುವ ಹೊತ್ತಿನ ಕಾರ್ಮಿಕರಂತೆ ನಾನೂ ಹೆಂಡತಿಯೂ ಬಾಗಿಲಲ್ಲಿ ಎದುರಾಗುತ್ತಿದ್ದೆವು. ದಂಪತಿ ಥೆರಪಿಯ ಮೊದಲ ದಿನ ಥೆರಪಿಸ್ಟ್, ಒಬ್ಬ ಹಿರಿಯ ಹೆಂಗಸು, ಕೇಳಿದ್ದು ಒಂದೇ: ರಾತ್ರಿ ಮಗು ಎದ್ದರೆ ಹೋಗುವವರು ಯಾರು? ಇಬ್ಬರೂ ಒಟ್ಟಿಗೆ "ನಾನು" ಎಂದೆವು. ಹನ್ನೆರಡಕ್ಕೆ ಅವಳು, ನಾಲ್ಕಕ್ಕೆ ನಾನು; ಒಬ್ಬರು ಎದ್ದಾಗ ಇನ್ನೊಬ್ಬರಿಗೆ ಗಾಢ ನಿದ್ದೆ. ಇದು ತಿಳಿಯಲು ಮೂರನೆಯವರು ಬೇಕಾಯಿತು.

ಊರಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಯಾರ ಕಡೆಯಿಂದ ಬಂತು? ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಳೇ? ದೃಷ್ಟಿ ತೆಗೆದಿದ್ದಾಯಿತು, ಘಾಟಿಗೆ ಹರಕೆ ಹೊತ್ತಿದ್ದೂ ಆಯಿತು. ಸುತ್ತಿ ಬಳಸಿ ತಪ್ಪೆಲ್ಲ ಹೆಂಡತಿಯ ತಲೆಗೇ. ಆಗ ನಾನು ತುಟಿ ಬಿಚ್ಚಲಿಲ್ಲ. ಥೆರಪಿಯಲ್ಲಿ ಮೂರು ವಾರ ಮಾತಾಡಿದ್ದು ಮಗನ ಬಗ್ಗೆಯಲ್ಲ, ಈ ಮೌನದ ಬಗ್ಗೆ. ನಮ್ಮ ದೇಶದ ಅಂಗವಿಕಲರ ಹಕ್ಕುಗಳ ಕಾಯ್ದೆಗೆ 2016ರಲ್ಲೇ ಆಟಿಸಂ ಸೇರಿತು. ಆ ಕಾಯ್ದೆ ನಮ್ಮ ಪಡಸಾಲೆಯವರೆಗೆ ಇನ್ನೂ ನಡೆದು ಬಂದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 1969ರ ಲ್ಯಾಂಟರ್‌ಮನ್ ಕಾಯ್ದೆಯ ದೆಸೆಯಿಂದ, ಇಂಥ ಮಕ್ಕಳಿರುವ ಮನೆಗಳಿಗೆ ನೆರವಾಗುವ ರೀಜನಲ್ ಸೆಂಟರ್‌ಗಳಿವೆ. ಹೆತ್ತವರು ಉಸಿರಾಡಲೆಂದು ತಿಂಗಳಿಗೆ ಇಷ್ಟು ಗಂಟೆ ಮಗುವನ್ನು ನೋಡಿಕೊಳ್ಳುವವರನ್ನು ಗೊತ್ತು ಮಾಡಿಕೊಡುತ್ತಾರೆ. ಕೇಳಿ ಪಡೆಯಿರಿ ಎಂದು ಹೇಳಿದ್ದೂ ಆ ಥೆರಪಿಸ್ಟೇ. ಅರ್ಜಿ, ಸಂದರ್ಶನ, ಕಾಯುವಿಕೆ ಎಲ್ಲ ಮುಗಿದು ನಾವಿಬ್ಬರೂ ಹೊರಗೆ ಕೂತು ಊಟ ಮಾಡುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಇದನ್ನು ಹೇಳಲು ಮನಸ್ಸಿಲ್ಲ, ಆದರೂ ಹೇಳಬೇಕು. ಕಳೆದ ಡಿಸೆಂಬರಿನಲ್ಲಿ ಮೈಸೂರಿಗೆ ಹೋದಾಗ ಅದೇ ಅತ್ತೆ ನೆನೆಸಿದ ಅವರೆಕಾಳಿನ ತಪ್ಪಲೆಯನ್ನು ಮಗನ ಮುಂದಿಟ್ಟು ಕೂತರು. ಒತ್ತಿದರೆ ಬೇಳೆ ಪುಳಕ್ಕನೆ ಹಾರುತ್ತಿತ್ತು. ಎಲ್ಲೂ ಐದು ನಿಮಿಷ ಕೂರದವನು ಕದಲಲಿಲ್ಲ. "ನೀವಿಬ್ಬರೂ ಒಂದು ಸುತ್ತು ಹೋಗಿ ಬನ್ನಿ" ಎಂದರು ಅತ್ತೆ. ಅರ್ಜಿಯಿಲ್ಲ, ಸಂದರ್ಶನವಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿ ಸುತ್ತಿ ಬಂದಾಗ ಕತ್ತಲಾಗಿತ್ತು. ನಡುಮನೆಯ ನೆಲದ ಮೇಲೆ ಹಿತಕಿದ ಬೇಳೆ ಈ ಗೋಡೆಯಿಂದ ಆ ಗೋಡೆಯವರೆಗೆ ಮೂರು ಸಾಲಾಗಿ ನಿಂತಿತ್ತು. ಅತ್ತೆ ಅದನ್ನು ಕದಡದೆ, ಬೇರೆ ಕಾಳು ಹಿತಕಿ ಸಾರು ಮಾಡಿದ್ದರು.