ಕಾರಣ ಗೊತ್ತಾಗಿದೆ, ಹೇಳೋಕೆ ಅಪ್ಪಣೆ ಬೇಕು

2021ರ ಮಾರ್ಚ್ 31ರಂದು ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಅಲೆಕ್ಸ್ ವಿಲ್ಲಾನುಯೇವಾ ಒಂದು ಅಪರೂಪದ ಸುದ್ದಿ ಕೊಟ್ಟರು. ಗಾಲ್ಫ್ ಆಟಗಾರ ಟೈಗರ್ ವುಡ್ಸ್ ಕಾರು ಯಾಕೆ ಉರುಳಿತು ಎನ್ನುವ ತನಿಖೆ ಮುಗಿದಿದೆ. ಕಾರಣವೂ ಸಿಕ್ಕಿದೆ. ಆದರೆ ಹೇಳುವ ಹಾಗಿಲ್ಲ, ಅದು ಅವರ ಖಾಸಗಿ ವಿಷಯ. ಅವರ ಕಡೆಯವರನ್ನು ಕೇಳಿದ್ದೇವೆ. ಅವರು ಹೂಂ ಅಂದರೆ ಹೇಳುತ್ತೇವೆ.

ನಮ್ಮ ಮನೆಯ ಚಿಕ್ಕ ಮಕ್ಕಳೂ ಹೀಗೇ. ‘ನಂಗೊಂದು ಗುಟ್ಟು ಗೊತ್ತು, ಆದ್ರೆ ಹೇಳಲ್ಲ’ ಅಂತ ಮನೆ ಮನೆಗೂ ಹೋಗಿ ಹೇಳಿ ಬರುತ್ತಾರೆ. ಆದರೆ ಅವರು ಅಮೆರಿಕದ ಅತಿ ದೊಡ್ಡ ಶೆರಿಫ್ ಇಲಾಖೆ ನಡೆಸುವುದಿಲ್ಲ.

ಖಾಸಗಿ ಅಂದರೆ ಎಷ್ಟು ಖಾಸಗಿ, ಸ್ವಲ್ಪ ನೋಡೋಣ. ಫೆಬ್ರವರಿ 23ರ ಬೆಳಿಗ್ಗೆ ಏಳು ಗಂಟೆ. ಹಾಥಾರ್ನ್ ಬುಲವಾರ್ಡ್ ಎಂಬ ಸಾರ್ವಜನಿಕ ರಸ್ತೆ. ಇಳಿಜಾರು, ಮುಂದೆ ತಿರುವು. ಅಲ್ಲಿ ಅಪಘಾತ ಜಾಸ್ತಿ ಅಂತ ಸುತ್ತಲಿನವರಿಗೆಲ್ಲ ಗೊತ್ತು. ವೇಗದ ಮಿತಿ ಗಂಟೆಗೆ 45 ಮೈಲಿ. ವುಡ್ಸ್ ವಯಸ್ಸೂ ಆಗ 45, ಮರೆಯೋಕೆ ಕಾರಣವೇ ಇಲ್ಲದ ಸಂಖ್ಯೆ. ಅವರು ಓಡಿಸುತ್ತಿದ್ದ ಜೆನೆಸಿಸ್ ಜಿವಿ80 ನಡುವಿನ ಡಿವೈಡರ್ ಹತ್ತಿತು. ಅಲ್ಲಿ ‘ರೋಲಿಂಗ್ ಹಿಲ್ಸ್ ಎಸ್ಟೇಟ್ಸ್’ ಅಂತ ಊರಿನ ಹೆಸರು ಹೊತ್ತು ನಿಂತಿದ್ದ ಫಲಕಕ್ಕೆ ಗುದ್ದಿತು. ಎದುರು ಬದಿಯ ರಸ್ತೆ ಪೂರ್ತಿ ದಾಟಿತು. ಒಂದು ಮರಕ್ಕೆ ಬಡಿದು ಪಲ್ಟಿ ಹೊಡೆಯಿತು. ರಸ್ತೆ ಸರ್ಕಾರದ್ದು, ಫಲಕ ಊರಿನದು, ಕಾರೂ ಕಂಪನಿಯವರು ಟೂರ್ನಿಯ ಹೊತ್ತಿಗೆ ಓಡಾಡಲು ಕೊಟ್ಟಿದ್ದು. ಇಷ್ಟರ ನಡುವೆ ಖಾಸಗಿಯಾಗಿ ಉಳಿದಿದ್ದು ಕಾರಣ ಮಾತ್ರ.

ಮನುಷ್ಯನ ಬಲಗಾಲು ನುಚ್ಚುನೂರಾಗಿತ್ತು. ಮೂಳೆ ಚರ್ಮ ಸೀಳಿ ಹೊರಬಂದಿತ್ತು. ಕಾಲು ಕತ್ತರಿಸುವ ಮಾತೂ ಬಂದಿತ್ತು ಅಂತ ಆಮೇಲೆ ಅವರೇ ಹೇಳಿದರು. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ನಗು ಬರುವುದು ಹಾಸಿಗೆಯ ಪಕ್ಕ ಪೆನ್ನು ಹಿಡಿದು ನಿಂತವರನ್ನು ನೋಡಿ.

ಅಪಘಾತದ ಮರುದಿನವೇ ಶೆರಿಫ್ ತೀರ್ಪು ಕೊಟ್ಟಾಗಿತ್ತು: ಇದು ಬರೀ ಅಪಘಾತ, ಕೇಸಿನ ಮಾತೇ ಇಲ್ಲ. ಆಮೇಲೆ ತನಿಖೆ ಶುರುವಾಯಿತು. ರಿಸಲ್ಟ್ ಅಂಟಿಸಿ ಆಮೇಲೆ ಪರೀಕ್ಷೆ ಬರೆಸಿದ ಹಾಗೆ. ಪಾಸಾಗುವುದಂತೂ ಖಾತ್ರಿ, ಎಷ್ಟು ಪುಟ ಬರೆಯಬೇಕು ಅನ್ನೋದಷ್ಟೇ ಬಾಕಿ.

ಆ ಪುಟಗಳಲ್ಲಿ ಇದ್ದಿದ್ದೇನು? ಆಸ್ಪತ್ರೆಯಲ್ಲಿ ಕೇಳಿದಾಗ ವುಡ್ಸ್‌ಗೆ ಕಾರು ಓಡಿಸಿದ್ದೇ ನೆನಪಿರಲಿಲ್ಲ. ತಾವು ಫ್ಲೋರಿಡಾದಲ್ಲಿದ್ದೇವೆ ಅಂದುಕೊಂಡಿದ್ದರು. ಅಂದರೆ ಅಮೆರಿಕದ ಆಚೆ ತುದಿಯಲ್ಲಿ. ತಲೆಗೆ ಪೆಟ್ಟು ಬಿದ್ದವರು ಹೀಗೆ ಮಾತಾಡಬಹುದು, ಒಪ್ಪೋಣ. ಕಾರಿನ ಹತ್ತಿರ ಬಿದ್ದಿದ್ದ ಬ್ಯಾಗಿನಲ್ಲಿ ಲೇಬಲ್ ಇಲ್ಲದ, ಖಾಲಿ ಮಾತ್ರೆ ಡಬ್ಬಿಯೂ ಸಿಕ್ಕಿತು. ಡಬ್ಬಿ ಖಾಲಿ ಇದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಅದನ್ನೂ ಒಪ್ಪೋಣ. ಹಾಗಾದರೆ ರಕ್ತ ಪರೀಕ್ಷೆ? ಮಾಡಿಸಲಿಲ್ಲ. ಹೆಂಡದ ವಾಸನೆ ಬರಲಿಲ್ಲ, ಅನುಮಾನಕ್ಕೆ ಕಾರಣ ಕಾಣಲಿಲ್ಲ, ಆದ್ದರಿಂದ ಬೇಡ ಅಂದರು.

ವಾಸನೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2017ರ ಮೇ ತಿಂಗಳಲ್ಲಿ ಇದೇ ವುಡ್ಸ್ ಫ್ಲೋರಿಡಾದ ಜುಪಿಟರ್‌ನಲ್ಲಿ, ನಡುರಾತ್ರಿ ದಾಟಿದ ಹೊತ್ತಿನಲ್ಲಿ, ನಿಂತ ಕಾರಿನ ಸ್ಟಿಯರಿಂಗ್ ಹಿಂದೆ ನಿದ್ದೆ ಮಾಡುತ್ತಿದ್ದರು. ಅಲ್ಲಿನ ಪೊಲೀಸರು ಊದಿಸಿದರು. ಸೊನ್ನೆ ಬಂತು. ಒಂದು ತೊಟ್ಟೂ ಕುಡಿದಿರಲಿಲ್ಲ. ಆದರೆ ಮುಂದಿನ ಪರೀಕ್ಷೆಯಲ್ಲಿ ಐದು ಬಗೆಯ ಔಷಧ ಮೈಯಲ್ಲಿದ್ದದ್ದು ಗೊತ್ತಾಯಿತು. ಮೂಗಿಗೆ ಬಡಿಯದ್ದು ಸೀಸೆಗೆ ಸಿಕ್ಕಿತ್ತು. ಹಾಗಂತ 2021ರಲ್ಲೂ ಹಾಗೇ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಯಾರೂ ಹೇಳೋಕಾಗಲ್ಲ, ಪರೀಕ್ಷೆಯನ್ನೇ ಮಾಡಲಿಲ್ಲವಲ್ಲ!

ಈ ಮರ್ಯಾದೆಗೆ ಹಳೆಯ ಇತಿಹಾಸವೂ ಇದೆ. 2009ರ ನವೆಂಬರ್ 27, ಬೆಳಗಿನ ಜಾವ ಎರಡೂವರೆ. ವುಡ್ಸ್ ಮನೆಯಿಂದ ಕ್ಯಾಡಿಲಾಕ್ ಎಸ್ಕಲೇಡ್ ಹೊರಬಿತ್ತು. ಬೆಂಕಿ ಆರಿಸುವ ನೀರಿನ ನಲ್ಲಿಗೆ ಒಂದು ಗುದ್ದು, ಪಕ್ಕದ ಮನೆಯವರ ಮರಕ್ಕೆ ಇನ್ನೊಂದು. ಫ್ಲೋರಿಡಾ ಹೆದ್ದಾರಿ ಪೊಲೀಸರು ಹೇಳಿಕೆ ತಗೊಳ್ಳೋಕೆ ದಿನಾ ಹೊರಟರು. ಒಂದು ದಿನ ಯಜಮಾನರು ಮಲಗಿದ್ದಾರೆ, ನಾಳೆ ಬನ್ನಿ. ನಾಳೆಯೂ ಆಗಲಿಲ್ಲ, ನಾಡಿದ್ದೂ ಆಗಲಿಲ್ಲ. ನಮ್ಮ ಕಡೆ ಗೋಡೆಯ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದರಂತೆ. ಅಲ್ಲಿ ಪೊಲೀಸರ ಮೇಲೂ ಅದು ಕೆಲಸ ಮಾಡಿತು. ಹೇಳಿಕೆ ಕೊಡಲೇಬೇಕು ಅಂತ ಕಾನೂನು ಇರಲಿಲ್ಲ. ಲೈಸೆನ್ಸು, ಆರ್‌ಸಿ, ಇನ್ಶೂರೆನ್ಸು ತೋರಿಸಿದರೆ ಸಾಕಿತ್ತು. ಕೊನೆಗೆ 164 ಡಾಲರ್ ದಂಡ ಹಾಕಿ, ಲೈಸೆನ್ಸಿಗೆ ತಪ್ಪಿನ ನಾಲ್ಕು ಪಾಯಿಂಟ್ ಬರೆದು, ಫೈಲು ಮುಚ್ಚಿದರು.

ಏನೇ ಆಗಲಿ, 164 ಡಾಲರ್ ಆದರೂ ಬಂತು ಅಲ್ವಾ. ಹನ್ನೆರಡು ವರ್ಷದಲ್ಲಿ ಎಲ್ಲದರ ಬೆಲೆ ಏರಿತು, ಇದರದ್ದು ಸೊನ್ನೆಗೆ ಇಳಿಯಿತು. ಹೇಗೆ ಅಂತ ಕೇಳಿ.

ಏಪ್ರಿಲ್ 7. ಹೇಳಬಹುದು ಅಂತ ವುಡ್ಸ್ ಅಪ್ಪಣೆ ಕೊಟ್ಟಿದ್ದರು. ಶೆರಿಫ್ ಮೈಕ್ ಮುಂದೆ ಬಂದು ಆ ಮಹಾ ಗುಟ್ಟನ್ನು ಒಡೆದರು: ಕಾರು ಜೋರಾಗಿ ಹೋಗುತ್ತಿತ್ತು.

ಅಷ್ಟೇ. ತಿರುವಿನಲ್ಲಿ ಕಾರು ರಸ್ತೆ ಬಿಟ್ಟು ಹೋಗಿ ಮಗುಚಿಕೊಂಡಿದೆ ಅಂದರೆ ನಮ್ಮೂರ ಟೀ ಅಂಗಡಿಯಲ್ಲಿ ಲೋಟ ತೊಳೆಯುವ ಹುಡುಗನೂ ‘ಸ್ಪೀಡಲ್ಲಿದ್ದ ಅನ್ಸುತ್ತೆ’ ಅನ್ನುತ್ತಿದ್ದ. ಅದಕ್ಕೆ ಆರು ವಾರ, ವಾರಂಟು, ಕಾರಿನ ಬ್ಲ್ಯಾಕ್ ಬಾಕ್ಸು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತ ಗಾದೆ. ಇವರು ಕನ್ನಡಿ ತರಿಸಿದರು, ನೋಡಿದರು, ಆಮೇಲೆ ಅಂಗೈಯವರ ಅನುಮತಿ ಕೇಳಿದರು.

ಬ್ಲ್ಯಾಕ್ ಬಾಕ್ಸು ಮಾತ್ರ ಪಾಪ, ಯಾರ ಮುಖವನ್ನೂ ನೋಡದೆ ಎಲ್ಲ ಬರೆದಿಟ್ಟಿತ್ತು. ವೇಗ 84ರಿಂದ 87 ಮೈಲಿ. ನಮ್ಮ ಲೆಕ್ಕದಲ್ಲಿ ಗಂಟೆಗೆ 130 ಕಿಲೋಮೀಟರಿಗೂ ಮೇಲೆ. ಮರಕ್ಕೆ ಬಡಿದಾಗಲೂ 75 ಮೈಲಿ. ಬ್ರೇಕ್ ಒತ್ತಿದ ಗುರುತಿಲ್ಲ. ಆಕ್ಸಿಲರೇಟರ್ ಶೇ. 99ರಷ್ಟು ತುಳಿದಿತ್ತು. ಗಾಬರಿಯಲ್ಲಿ ಬ್ರೇಕ್ ಅಂದುಕೊಂಡು ಅದನ್ನೇ ತುಳಿದಿರಬೇಕು ಅಂತ ಪೊಲೀಸರೇ ಅವರ ಪರವಾಗಿ ಊಹೆ ಮಾಡಿಕೊಟ್ಟರು. ಉಳಿದ ಒಂದು ಪರ್ಸೆಂಟನ್ನು ಬಹುಶಃ ಖಾಸಗಿತನಕ್ಕೆ ಬಿಟ್ಟಿದ್ದರು.

ಸರಿ, ದಂಡ? ಇಲ್ಲ. ಕಣ್ಣಾರೆ ಕಂಡ ಪೊಲೀಸರಿರಲಿಲ್ಲ, ಬೇರೆ ಸಾಕ್ಷಿಯೂ ಇರಲಿಲ್ಲ. ಸಾಕ್ಷಿ ಇಲ್ಲದೆ ವೇಗಕ್ಕೆ ಚೀಟಿ ಹರಿಯೋಕಾಗಲ್ಲ ಅಂದರು. ಇದನ್ನು ಓದಿದ ದಿನ ನನಗೆ ಬಹಳ ಹೊಟ್ಟೆ ಉರಿಯಿತು. ಬೆಂಗಳೂರಿನಲ್ಲಿ ನನ್ನ ಸ್ಕೂಟರಿನ ಮುಂದಿನ ಚಕ್ರ ಸಿಗ್ನಲ್ಲಿನ ಬಿಳಿ ಗೆರೆಯನ್ನು ಒಂದು ಗೇಣು ದಾಟಿದ್ದಕ್ಕೆ ಕಂಬದ ಮೇಲಿನ ಕ್ಯಾಮೆರಾ ಫೋಟೋ ಸಮೇತ ದಂಡ ಕಳಿಸಿತ್ತು. ನನ್ನ ಖಾಸಗಿತನದ ಬಗ್ಗೆ ಅದು ಒಂದು ಮಾತೂ ಕೇಳಲಿಲ್ಲ. ಫೋಟೋದಲ್ಲಿ ನಾನು ಮೂಗು ಕೆರೆದುಕೊಳ್ಳುತ್ತಿದ್ದೆ.

ಹೆಸರು ದೊಡ್ಡದು ಅಂತ ರಿಯಾಯಿತಿ ಕೊಟ್ಟಿರಾ ಅಂತ ಪತ್ರಕರ್ತರು ಕೇಳಿದ್ದಕ್ಕೆ ಶೆರಿಫ್ ಖಡಾಖಂಡಿತವಾಗಿ ಇಲ್ಲ ಅಂದರು. ನಾನು ಅವರನ್ನು ನಂಬುತ್ತೇನೆ. ಅವರು ರಿಯಾಯಿತಿ ಕೊಡಲಿಲ್ಲ, ಗಾಲ್ಫ್ ನಿಯಮ ಹಾಕಿದರು. ಗಾಲ್ಫ್‌ನಲ್ಲಿ ಪ್ರತಿ ಹೊಡೆತಕ್ಕೂ ಅಂಪೈರ್ ಬಂದು ನಿಲ್ಲುವುದಿಲ್ಲ. ತಪ್ಪು ಮಾಡಿದರೆ ಆಟಗಾರನೇ ಹೇಳಿಕೊಳ್ಳಬೇಕು, ಕಾರ್ಡಿಗೆ ತಾನೇ ಸಹಿ ಹಾಕಬೇಕು. ಶೆರಿಫ್ ಕೂಡ ಸಹಿಗಾಗಿ ಕಾದರು, ಅಷ್ಟೇ.

ಆದರೆ ಗಾಲ್ಫ್ ಕೂಡ ಇಷ್ಟು ಮೆತ್ತಗಿರಲಿಲ್ಲ. 2013ರ ಏಪ್ರಿಲ್, ಅಗಸ್ಟಾದ ಮಾಸ್ಟರ್ಸ್ ಟೂರ್ನಿ. 15ನೇ ಹೋಲ್‌ನಲ್ಲಿ ವುಡ್ಸ್ ಹೊಡೆದ ಚೆಂಡು ಬಾವುಟದ ಕೋಲಿಗೆ ತಗುಲಿ ನೀರಿಗೆ ಬಿತ್ತು. ಅವರು ಮತ್ತೆ ಚೆಂಡು ಇಟ್ಟು ಹೊಡೆದರು. ಮನೆಯಲ್ಲಿ ಟೀವಿ ನೋಡುತ್ತಿದ್ದ ಒಬ್ಬರಿಗೆ ಇಟ್ಟ ಜಾಗ ಸರಿಯಿಲ್ಲ ಅನಿಸಿತು. ಸುದ್ದಿ ಮುಟ್ಟಿಸಿದರು. ಸಮಿತಿ ನೋಡಿ ಪರವಾಗಿಲ್ಲ ಅಂತ ಬಿಟ್ಟಿತ್ತು. ಆಟ ಮುಗಿದ ಮೇಲೆ ವುಡ್ಸ್ ತಾವೇ ಸಂದರ್ಶನದಲ್ಲಿ ಎರಡು ಗಜ ಹಿಂದಕ್ಕೆ ಇಟ್ಟೆ ಅಂದರು. ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಇದ್ದವನೇ ಗೆಲ್ಲೋದು; ಮರುದಿನ ಬೆಳಿಗ್ಗೆ ಅವರ ಲೆಕ್ಕಕ್ಕೆ ಎರಡು ಹೊಡೆತಗಳ ದಂಡ ಬಿತ್ತು. ಹುಲ್ಲಿನ ಮೇಲೆ ಎರಡು ಗಜಕ್ಕೆ ಎರಡು ಹೊಡೆತ. ಯಾರ ಕಾಲೂ ಮುರಿದಿರಲಿಲ್ಲ, ಯಾವ ಫಲಕವೂ ಬಿದ್ದಿರಲಿಲ್ಲ.

ರಸ್ತೆಯಲ್ಲಿ ಮಿತಿಗಿಂತ 40 ಮೈಲಿ ಜಾಸ್ತಿ ಹೋಗಿದ್ದಕ್ಕೆ ಫೋನ್ ಮಾಡುವ ಪುಣ್ಯಾತ್ಮ ಯಾರೂ ಇರಲಿಲ್ಲ. ಅಂದಹಾಗೆ, ಗಾಲ್ಫ್‌ನವರೂ 2018ರಿಂದ ಟೀವಿ ನೋಡುವವರ ಫೋನ್ ಎತ್ತುವುದನ್ನು ನಿಲ್ಲಿಸಿದ್ದಾರೆ.