ಅರಿಶಿನ ಕುಡಿದ ರೇಡಿಯೇಟರ್

ಕಾರಿನ ಇಂಜಿನ್ನನ್ನು ತಣ್ಣಗಿಡುವ ರೇಡಿಯೇಟರ್ ಎಷ್ಟು ವರ್ಷ ಬಾಳುತ್ತದೆ ಎಂಬ ಪ್ರಶ್ನೆಗೆ, ಅದು ಕೆಡುವ ಮುನ್ನ ಉತ್ತರ ಹೇಳುವವರು ಬೆಂಗಳೂರಿನಲ್ಲಿ ಯಾರೂ ಇದ್ದಂತಿಲ್ಲ. ಮೊನ್ನೆಯವರೆಗೂ ಬಾನೆಟ್ ಎತ್ತಿ, ಬಗ್ಗಿ ನೋಡಿ, ‘ಇನ್ನೂ ಓಡತ್ತೆ ಸಾರ್’ ಎನ್ನುತ್ತಿದ್ದ ಮೆಕ್ಯಾನಿಕ್, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಬೆ ಉಗುಳಿ ನಿಂತ ಕಾರನ್ನು ಎಳೆದು ತಂದ ಮೇಲೆ, ‘8-10 ವರ್ಷಕ್ಕಿಂತ ಜಾಸ್ತಿ ಎಲ್ಲಿ ಬರತ್ತೆ ಸಾರ್?’ ಎಂದು ನನ್ನನ್ನೇ ವಿಚಾರಿಸಿಕೊಂಡ.

ಕಾರು ಹಾಗೆ ನಿಲ್ಲುವ ಮುಂಚೆಯೂ ಲಕ್ಷಣಗಳೇನೂ ಗುಟ್ಟಾಗಿರಲಿಲ್ಲ. ಇಂಜಿನ್ನಿನ ಬಿಸಿ ಹೀರುವ ಕೂಲೆಂಟ್ ದ್ರವದ ಮಟ್ಟ ಇಳಿಯುತ್ತಲೇ ಇತ್ತು. ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಮ್ಮಿನ ಮೈಗೆ ಸೇರುವ ಅಂಚಿನಲ್ಲಿ ಬಿಳಿಯ ಕರೆ ಕಟ್ಟಿತ್ತು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಟೆಂಪರೇಚರ್ ಮುಳ್ಳು ಮೇಲೇರಿ, ಗಾಳಿ ಬಡಿದೊಡನೆ ಇಳಿಯುತ್ತಿತ್ತು. ಹೊಸದನ್ನು ಹಾಕಿಸೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮಾವನವರು ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದಿದ್ದರು.

ಅಂಬಾಸಿಡರ್ ಕಾರಿನಲ್ಲಿ ಶಿರಾಡಿ ಘಾಟಿ ಹತ್ತಿಳಿದ ಅವರ ಪ್ರಕಾರ, ಸೋರುವ ರೇಡಿಯೇಟರಿಗೆ ಅರಿಶಿನಕ್ಕಿಂತ ಮಿಗಿಲಾದ ಮದ್ದಿಲ್ಲ. ಪಂಚೆ ಎತ್ತಿ ಕಟ್ಟಿ, ತಣ್ಣಗಿದ್ದ ಇಂಜಿನ್ನಿನ ಮುಂದೆ ನಿಂತು, ಮುಚ್ಚಳ ತೆಗೆದು ಎರಡು ಚಮಚ ಸುರಿದು, ಮೇಲಿಷ್ಟು ಬೋರ್‌ವೆಲ್ ನೀರು ಹೊಯ್ದು, ‘ಅಳಿಯಂದಿರೇ, ಸ್ಟಾರ್ಟ್ ಮಾಡಿ’ ಎಂದರು. ಸೋರಿಕೆ ನಿಜಕ್ಕೂ ನಿಂತಿತು. ಆ ಗೆಲುವು ತಲೆಗೇರಿ, ಭಾನುವಾರಕ್ಕೊಮ್ಮೆ ಇನ್ನೊಂದು ಚಮಚ ಹಾಕುವುದು ಅವರಿಗೆ ವ್ರತವಾಯಿತು. ಹಸಿರಾಗಿದ್ದ ಕೂಲೆಂಟ್ ತೊವ್ವೆಯ ಬಣ್ಣಕ್ಕೆ ತಿರುಗಿತು. ನಮ್ಮ ಮನೆಯ ತೊವ್ವೆ ಬಿಳಿಚಿಕೊಂಡಿತು. ತೂತು ಮುಚ್ಚುವ ಪುಡಿ ಕಿರಿದಾದ ನಾಳಗಳನ್ನೂ ಮುಚ್ಚೀತು, ಬೋರ್‌ವೆಲ್ ನೀರು ಒಳಗೆಲ್ಲ ಸುಣ್ಣ ಕಟ್ಟಿಸೀತು ಎಂದರೆ ಕೇಳುವವರಾರು? ಅವರ ಕಾಲದ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನು ಬೆಸುಗೆ ಹಾಕಿ ಮತ್ತೆ ಮತ್ತೆ ಬದುಕಿಸಬಹುದಿತ್ತು; ಈಗಿನ ಪ್ಲಾಸ್ಟಿಕ್ ಟ್ಯಾಂಕು ವರ್ಷಗಟ್ಟಲೆ ಬಿಸಿಯುಂಡು ಬಿರುಕು ಬಿಟ್ಟಿತೆಂದರೆ ಬೆಸುಗೆಯವನು ಕೈಚೆಲ್ಲಿಬಿಡುತ್ತಾನೆ.

ಆದರೂ ಅವರು ಘಾಟಿಯ ಕತೆ ತೆಗೆದಾಗ ನನ್ನ ಕೋಪ ಇಳಿದುಬಿಡುತ್ತದೆ. ಕಾದ ಕಾರನ್ನು ತಿರುವಿನ ಬದಿಗೆ ನಿಲ್ಲಿಸಿ, ಅದು ಆರುವವರೆಗೆ ಮನೆಮಂದಿಯೆಲ್ಲ ಮೋಟುಗೋಡೆಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದರಂತೆ, ಯಾರಿಗೂ ಅವಸರವಿರಲಿಲ್ಲವಂತೆ. ಸಿಲ್ಕ್ ಬೋರ್ಡಿನಲ್ಲಿ ನನಗೆ ದಕ್ಕಿದ್ದು ಹಿಂದಿನವರ ಹಾರ್ನ್ ಮಾತ್ರ.

ಕೊನೆಗೆ ಹಳೆಯ ರೇಡಿಯೇಟರನ್ನು ಬಿಚ್ಚುವ ಹೊತ್ತಿಗೆ ಮಾವನವರು ಗ್ಯಾರೇಜಿಗೇ ಬಂದು, ‘ತಾಮ್ರಕ್ಕೆ ಒಳ್ಳೆಯ ಬೆಲೆಯಿದೆ, ಬಿಟ್ಟು ಬರಬೇಡಿ’ ಎಂದು ಅದನ್ನು ಡಿಕ್ಕಿಗೆ ಹಾಕಿಸಿದರು. ಗುಜರಿಯವನು ಪ್ಲಾಸ್ಟಿಕ್ಕನ್ನು ಮುರಿದು ಬದಿಗೆಸೆದು, ಉಳಿದ ಅಲ್ಯೂಮಿನಿಯಮ್ಮನ್ನು ತಕ್ಕಡಿಗಿಡುವ ಮುನ್ನ ಒಳಗಿಣುಕಿ ಹೇಳಿದ: ‘ಈ ಹಳದಿ ಕೆಸರು ತೊಳ್ಕೊಂಡು ಬನ್ನಿ ಯಜಮಾನ್ರೇ, ಇದನ್ನೂ ತೂಕಕ್ಕೆ ಸೇರಿಸಕ್ಕಾಗಲ್ಲ.’