ನಿಜಾಮನ ಮುಯ್ಯಿ

ಎರಡನೇ ಎಲಿಜಬೆತ್ ರಾಣಿಯ ಹಳೆಯ ಫೋಟೋ ಕಂಡರೆ ನಾನು ಮೊದಲು ನೋಡುವುದು ಕಿರೀಟವನ್ನಲ್ಲ, ಕೊರಳನ್ನು. 1952ರಲ್ಲಿ ಪಟ್ಟಕ್ಕೆ ಬಂದ ಹೊಸತರಲ್ಲಿ ಡೊರೊಥಿ ವೈಲ್ಡಿಂಗ್ ತೆಗೆದ ಚಿತ್ರಗಳಲ್ಲಿ ಅವಳು ಒಂದು ವಜ್ರದ ಹಾರ ಹಾಕಿಕೊಂಡಿದ್ದಾಳೆ. ಕುತ್ತಿಗೆ ಸುತ್ತ 38 ಬಿಡಿ ವಜ್ರಗಳ ಸರ. ಕಟ್ಟಿದ್ದು ಪ್ಲಾಟಿನಂನಲ್ಲಿ. ಎದುರಿನ ಪದಕದಲ್ಲಿ ಉದ್ದ ಚೌಕಕ್ಕೆ ಕತ್ತರಿಸಿದ 13 ವಜ್ರ, ಅದರ ಕೆಳಗೆ ಒಂದು ಹನಿ. ಪದಕ ಬೇಡ ಅನ್ನಿಸಿದರೆ ಬಿಚ್ಚಿಡಬಹುದು. ಇದನ್ನು ಕೊಟ್ಟಿದ್ದು ಹೈದರಾಬಾದಿನ ನಿಜಾಮ, 1947ರ ಅವಳ ಮದುವೆಗೆ. ನಿಜಾಮ ಅಂದರೆ ನಮಗೇನೂ ದೂರದವನಲ್ಲ. ಆಗ ಬೀದರ್, ಕಲಬುರಗಿ, ರಾಯಚೂರು ಅವನ ಕೈಯಲ್ಲೇ ಇದ್ದವು. ಆ ವಜ್ರಗಳಲ್ಲಿ ಒಂದೆರಡಕ್ಕಾದರೂ ನಮ್ಮ ಜೋಳದ ಹೊಲದ ಕಂದಾಯ ಹೋಗಿದ್ದೀತು!

ಈ ನಿಜಾಮ, ಮಿರ್ ಉಸ್ಮಾನ್ ಅಲಿ ಖಾನ್, ಜಗತ್ತಿನ ಅತಿ ದೊಡ್ಡ ಶ್ರೀಮಂತ ಅಂತ 1937ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೇ ಬಂದಿದ್ದ. ಜಿಪುಣತನದಲ್ಲೂ ಅಷ್ಟೇ ಹೆಸರುವಾಸಿ. ಸುಮಾರು 185 ಕ್ಯಾರೆಟ್ಟಿನ ಜೇಕಬ್ ವಜ್ರ ಅವನಪ್ಪನ ಹಳೇ ಚಪ್ಪಲಿಯ ಮೂತಿಯಲ್ಲಿ ಸಿಕ್ಕಿತಂತೆ. ಅದನ್ನು ತಂದು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡ ಭೂಪ. ಖಜಾನೆ ತುಂಬಾ ಒಡವೆ. ಆದರೂ ಮದುಮಗಳಿಗೆ ಅದರಲ್ಲಿ ಒಂದನ್ನೂ ತೆಗೆದುಕೊಡಲಿಲ್ಲ. 'ಬೇಕಾದ್ದನ್ನು ಆಕೆಯೇ ಆರಿಸಿಕೊಳ್ಳಲಿ' ಅಂತ ಲಂಡನ್ನಿನ ಕಾರ್ಟಿಯೇ ಒಡವೆ ಅಂಗಡಿಗೆ ಹೇಳಿಕಳಿಸಿದ. ಹುಡುಗಿ ಸಂಕೋಚಪಡಲಿಲ್ಲ. ಈ ಹಾರ ಆರಿಸಿಕೊಂಡಳು, ಜೊತೆಗೊಂದು ಟಿಯಾರಾವನ್ನೂ, ಅಂದರೆ ತಲೆಗೆ ಮುಡಿಯುವ ಪುಟ್ಟ ಕಿರೀಟವನ್ನೂ.

ಅದೇ ಮದುವೆಗೆ ಗಾಂಧೀಜಿಯ ಉಡುಗೊರೆಯೂ ಹೋಗಿತ್ತು. ಅವರೇ ನೂತ ನೂಲಿನ ಒಂದು ಬಟ್ಟೆ, ನಡುವೆ 'ಜೈ ಹಿಂದ್' ಅಂತ ಹೆಣೆದದ್ದು. ಅಜ್ಜಿ ಮೇರಿ ರಾಣಿ ಅದನ್ನು ಗಾಂಧಿಯ ತುಂಡು ಪಂಚೆಯೇ ಅಂದುಕೊಂಡು ಮುಖ ಸಿಂಡರಿಸಿದ ಕಥೆ ಪ್ರಸಿದ್ಧ. ಪಾಪ, ಮುದುಕಿಗೆ ಯಾರೂ ಬಿಡಿಸಿ ಹೇಳಲಿಲ್ಲವೇನೋ.

ನಮ್ಮ ಮದುವೆಮನೆಗಳಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ, ಅಲ್ವಾ? ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದುಕೊಳ್ಳೋಕೆ. ನಾಳೆ ಅವರ ಮನೆಯಲ್ಲಿ ಕಾರ್ಯ ಆದಾಗ ಅಷ್ಟಾದರೂ ವಾಪಸ್ ಹಾಕಬೇಕಲ್ಲ. ನಿಜಾಮನ ತಲೆಯಲ್ಲೂ ಇಂಥದೇ ಲೆಕ್ಕ ಇತ್ತು ಅಂತ ನನ್ನ ಗುಮಾನಿ. ಅಷ್ಟು ಕೈಬಿಗಿ ಮನುಷ್ಯ ಸುಮ್ನೆ ವಜ್ರ ಕೊಡುತ್ತಾನಾ? ಕಾಲವೂ ಹಾಗಿತ್ತು. ಆಗಸ್ಟ್‌ನಲ್ಲಿ ಇಂಗ್ಲಿಷರು ಹೊರಟಿದ್ದರು. ಹೈದರಾಬಾದ್ ಭಾರತಕ್ಕೂ ಸೇರಿರಲಿಲ್ಲ, ಪಾಕಿಸ್ತಾನಕ್ಕೂ ಸೇರಿರಲಿಲ್ಲ. ಬ್ರಿಟಿಷ್ ಸರ್ಕಾರದ 'ನಂಬಿಗಸ್ತ ಮಿತ್ರ' ಅನ್ನುವುದು ನಿಜಾಮನ ಬಿರುದುಗಳಲ್ಲೇ ಒಂದು. ಆ ನಂಟಿನ ಮೇಲೆ ಪ್ರತ್ಯೇಕ ರಾಜ್ಯವಾಗಿ ಉಳಿಯುವ ಆಸೆ ಅವನಿಗೆ. ನವೆಂಬರ್ 20ಕ್ಕೆ ಲಂಡನ್ನಿನಲ್ಲಿ ಮದುವೆ. 29ಕ್ಕೆ ದೆಹಲಿಯ ಜೊತೆ ಯಥಾಸ್ಥಿತಿ ಒಪ್ಪಂದಕ್ಕೆ ಅವನ ಸಹಿ.

ಮುಯ್ಯಿ ವಾಪಸ್ ಬರಲಿಲ್ಲ. ಮರುವರ್ಷ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. ಲಂಡನ್ನಿನಿಂದ ಯಾರೂ ಓಡಿ ಬರಲಿಲ್ಲ. 17ಕ್ಕೆ ಎಲ್ಲ ಮುಗಿಯಿತು. ನಿಜಾಮನ ಪರ ನಿಂತ ಖಾಸಗಿ ಪಡೆ ರಜಾಕಾರರ ಹಾವಳಿಯಲ್ಲಿ ಬೆಂದಿದ್ದ ನಮ್ಮ ಕಡೆಯ ಊರುಗಳು ಉಸಿರುಬಿಟ್ಟವು. ಕಲ್ಯಾಣ ಕರ್ನಾಟಕದಲ್ಲಿ ಇವತ್ತಿಗೂ ಸೆಪ್ಟೆಂಬರ್ 17ಕ್ಕೆ ಬಾವುಟ ಏರುತ್ತದೆ. 1956ರಲ್ಲಿ ಹೈದರಾಬಾದ್ ರಾಜ್ಯವೇ ಮೂರು ಪಾಲಾಗಿ ಹಂಚಿಹೋಯಿತು.

ನಿಜಾಮ ತೀರಿದ್ದು 1967ರಲ್ಲಿ. ಆರು ವರ್ಷ ಕಳೆದ ಮೇಲೆ ರಾಣಿ ಅವನ ಟಿಯಾರಾವನ್ನು ಮುರಿಸಿದಳು. ಆ ವಜ್ರಗಳಿಗೆ ಬರ್ಮಾದ ಜನ ಅದೇ ಮದುವೆಗೆ ಕೊಟ್ಟಿದ್ದ 96 ಮಾಣಿಕ್ಯ ಸೇರಿಸಿ ಬೇರೊಂದು ಮಾಡಿಸಿಕೊಂಡಳು. ಬರ್ಮಾದವರ ನಂಬಿಕೆಯಲ್ಲಿ ಮನುಷ್ಯನಿಗೆ 96 ಕಾಯಿಲೆಯಂತೆ, ತಡೆಯೋಕೆ ಒಂದೊಂದಕ್ಕೆ ಒಂದು ಮಾಣಿಕ್ಯ. (96 ವರ್ಷವೇ ಬದುಕಿದಳಲ್ಲ, ಬರ್ಮಾದವರ ಲೆಕ್ಕ ಪಕ್ಕಾ!) ಟಿಯಾರಾದಿಂದ ಬಿಚ್ಚಿಡಬಹುದಾಗಿದ್ದ ಗುಲಾಬಿ ಹೂವಿನ ಬ್ರೂಚ್‌ಗಳನ್ನು ಮಾತ್ರ ಉಳಿಸಿಕೊಂಡು ಆಗಾಗ ಕೋಟಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಹಾರ ಮಾತ್ರ ಹಾರವಾಗಿಯೇ ಉಳಿಯಿತು. ಮೊಮ್ಮಗನ ಹೆಂಡತಿ ಕೇಟ್ 2014ರಲ್ಲಿ ಒಮ್ಮೆ ಹಾಕಿಕೊಂಡಳು, 2019ರಲ್ಲಿ ಮತ್ತೊಮ್ಮೆ.

ನಿಜಾಮ ಖಜಾನೆಯಲ್ಲಿ ಜೋಪಾನ ಮಾಡಿಟ್ಟಿದ್ದ ಒಡವೆಗಳ ಪಾಡು ಬೇರೆ. ಅದರಲ್ಲಿ 173ನ್ನು 1995ರಲ್ಲಿ ಭಾರತ ಸರ್ಕಾರ 218 ಕೋಟಿ ರೂಪಾಯಿಗೆ ಕೊಂಡುಕೊಂಡಿತು. ಜೇಕಬ್ ವಜ್ರವೂ ಆ ಗಂಟಿನಲ್ಲೇ ಇದೆ. ಎಲ್ಲೋ ಒಮ್ಮೆ ಪ್ರದರ್ಶನಕ್ಕೆ ಇಟ್ಟರೆ ಜನ ಕ್ಯೂ ನಿಂತು ಗಾಜಿನಾಚೆಯಿಂದ ನೋಡಿ ಬರುತ್ತಾರೆ. ಮುಗಿದ ಮೇಲೆ ಮತ್ತೆ ರಿಸರ್ವ್ ಬ್ಯಾಂಕಿನ ತಿಜೋರಿಗೆ. ಅವನು ಕಣ್ಣಿಟ್ಟು ಕಾದ ಒಡವೆ ಯಾರ ಕೊರಳಿಗೂ ಇಲ್ಲ. ಅಂಗಡಿಗೆ ಹೇಳಿಕಳಿಸಿ ಕೊಡಿಸಿದ್ದಕ್ಕೆ ಮಾತ್ರ ಇಂದಿಗೂ ಪತ್ರಿಕೆಯವರು 'ನಿಜಾಮನ ಹಾರ' ಅಂತಲೇ ಬರೆಯುತ್ತಾರೆ.